ಕಲ್ಲು ತೊಳೆಯುವ ಜೋಳ

"ಯಂತ್ರಕ್ಕೆ ಜಾತಿಯಿಲ್ಲ" ಎಂಬ ಮಾತು ಒಂದು ಪುಸ್ತಕದ ಅರವತ್ತೆರಡನೆಯ ಪುಟದಲ್ಲಿ ಇದೆ. ಒಳ್ಳೆಯ ಕಾಗದ, ಗಟ್ಟಿ ರಟ್ಟು. ಆ ಮಾತು ಸುಳ್ಳು. ಅದು ಸುಳ್ಳೆಂಬುದು ಪುಸ್ತಕ ಬರೆದವರಿಗೆ ಅಚ್ಚಿಗೆ ಹೋಗುವ ಮೊದಲೇ ಗೊತ್ತಿತ್ತು. ತಿಳಿಸಿ ಹೇಳಿದವನು ಅವರ ಶಿಷ್ಯ ಯಂಕಣ್ಣ. ಅವನ ಹೆಸರು ಆ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ.

ಯಂಕಣ್ಣ ಎರಿಗೊಪ್ಪದ ಹೊಲಗೇರಿಯವನು. ಶಿರಗುಪ್ಪಿಯಲ್ಲಿ ಬಸ್ಸಿಳಿದು ಎರೆಹೊಲದ ದಾರಿಯಲ್ಲಿ ಮೂರು ಮೈಲಿ ನಡೆದರೆ ಎರಿಗೊಪ್ಪ. ಅಪ್ಪ ರಾಮಪ್ಪ ಇವನು ಸಣ್ಣವನಿದ್ದಾಗಲೇ ಸತ್ತ. ಅವ್ವ ಗುಡ್ಡವ್ವ ಕಂಡವರ ಹೊಲದಲ್ಲಿ ಕಳೆ ಕಿತ್ತು, ಹತ್ತಿ ಬಿಡಿಸಿ, ಜೋಳ ಕೊಯ್ದು ಅವನನ್ನು ಓದಿಸಿದಳು. ಹನ್ನೊಂದನೆಯ ವಯಸ್ಸಿಗೆ ಹಾಸ್ಟೆಲ್ ಸೇರಿದವನು ಊರಿಗೆ ಬರುತ್ತಿದ್ದುದು ಹಬ್ಬಕ್ಕೆ ಹುಣ್ಣಿಮೆಗೆ ಮಾತ್ರ. ಸಾವಿರದ ಒಂಬೈನೂರ ಅರವತ್ತಮೂರರಲ್ಲಿ ಧಾರವಾಡದಲ್ಲಿ ಸಮಾಜಶಾಸ್ತ್ರದ ಎಂ.ಎ.ಗೆ ಸೇರಿದ. ಇಡೀ ತರಗತಿಗೆ ಅಂಥ ಕೇರಿಗಳಿಂದ ಬಂದವನು ಅವನೊಬ್ಬನೇ.

ಅಲ್ಲಿ ಜಾಲಿಹಾಳ ಸರ್ ಇದ್ದರು. ಖಾದಿ ಕೋಟು, ಮೆತ್ತಗಿನ ಮಾತು. ವಿಜ್ಞಾನ, ತಂತ್ರಜ್ಞಾನ ಬಂದ ಮೇಲೆ ಸಮಾಜ ಹೇಗೆ ಬದಲಾಗುತ್ತದೆ ಎಂಬುದು ಅವರ ಪಾಠ. ರೈಲು, ನಳ, ರೇಡಿಯೋ, ಕರೆಂಟು, ಒಂದೊಂದನ್ನೂ ಹಿಡಿದು ಬಿಡಿಸಿ ಹೇಳುತ್ತಿದ್ದರು.

"ರೈಲಿನ ಡಬ್ಬಿಯೊಳಗ ಕೂತ ಮ್ಯಾಲೆ ಬಾಜೂದವನ ಜಾತಿ ಕೇಳಲಿಕ್ಕೆ ಬರ್ತದೇನು? ಸಾವಿರ ವರ್ಷ ಸಂತರು ಹೇಳಿದ್ದು ಆಗಲಿಲ್ಲ. ಒಂದು ಇಂಜಿನ್ನು ಮಾಡಿ ತೋರಿಸ್ತು. ಯಂತ್ರಕ್ಕೆ ಜಾತಿಯಿಲ್ಲ. ಬರಕೋರಿ."

ಯಂಕಣ್ಣ ಬರೆದುಕೊಂಡ. ಅಡಿಗೆರೆ ಎಳೆದ. ಹಾಸ್ಟೆಲ್ಲಿನಲ್ಲಿ ಗೋಡೆಗೆ ಆ ಸಾಲನ್ನು ಅಂಟಿಸಿಕೊಂಡ. ಅವನು ಅದನ್ನು ನಂಬಿದ್ದ ಎಂದರೆ ಸಾಲದು, ಅದರ ಮೇಲೆ ಪ್ರೀತಿಯೇ ಇತ್ತು. ಯಾರ ಕಾಲಿಗೂ ಬೀಳದೆ, ಯಾರ ಮನಸ್ಸೂ ಕರಗಬೇಕಾಗದೆ, ಒಂದು ಗುಂಡಿ ಒತ್ತಿದರೆ ಹೋಗುವ ಜಾತಿ ಯಾರಿಗೆ ಬೇಡ?

ಎರಡನೆಯ ವರ್ಷ ಸರ್ ಒಂದು ಅಧ್ಯಯನ ಕೈಗೆತ್ತಿಕೊಂಡರು: ಕರೆಂಟಿನ ಹಿಟ್ಟಿನ ಗಿರಣಿ ಬಂದ ಮೇಲೆ ಹಳ್ಳಿಯ ಜಾತಿ ಪದ್ಧತಿ ಏನಾಯಿತು ಎಂದು. ಯಂಕಣ್ಣನಿಗೆ ಅವನ ಊರನ್ನೇ ಕೊಟ್ಟರು. "ನೀ ಅಲ್ಲಿಯವ, ಒಳಗಿನ ಮಾತು ನಿನಗ ತಿಳೀತದ" ಎಂದರು. ಆ ಪ್ರಬಂಧವೇ ಅವನ ಎಂ.ಎ. ಸರ್ ಸಹಿ ಹಾಕಿದರೆ ಪದವಿ, ಅದರ ಹಿಂದೆ ಸಂಶೋಧನೆಯ ವಿದ್ಯಾರ್ಥಿವೇತನ. ಹಾಕದಿದ್ದರೆ ಎರಡೂ ಇಲ್ಲ.

ಎರಿಗೊಪ್ಪಕ್ಕೆ ಗಿರಣಿ ಬಂದು ಮೂರು ವರ್ಷವಾಗಿತ್ತು. ಇಟ್ಟವನು ಗುರುಶಿದ್ದಪ್ಪ, ಊರ ಸಾವಕಾರ. ಯಂಕಣ್ಣ ಅಚ್ಚು ಹಾಕಿಸಿದ ಫಾರ್ಮುಗಳನ್ನು ಹಿಡಿದು ಮೊದಲು ಅವನ ಮನೆಗೆ ಹೋದ. ಗುರುಶಿದ್ದಪ್ಪ ಕಟ್ಟೆಯ ಮೇಲೆ, ಯಂಕಣ್ಣ ಕೆಳಗೆ ಬಿಸಿಲಲ್ಲಿ. ಹದಿನೇಳನೆಯ ಪ್ರಶ್ನೆ ಓದಿದ: "ಗಿರಣಿಯನ್ನು ಎಲ್ಲ ಜಾತಿಯವರೂ ಬಳಸುತ್ತಾರೆಯೆ? ಹೌದು, ಅಲ್ಲ."

"ಹೌದು ಅಂತ ಬರಕೋ. ನಾ ಯಾರಿಗರೆ ಬ್ಯಾಡ ಅಂದೇನೇನು?"

ಸಹಿಗಾಗಿ ಫಾರ್ಮನ್ನು ಕಟ್ಟೆಯ ಅಂಚಿಗೆ ಇಟ್ಟು ಹಿಂದೆ ಸರಿಯಬೇಕಾಯಿತು. ಗುರುಶಿದ್ದಪ್ಪ ತನ್ನ ಪೆನ್ನಿನಿಂದ ಸಹಿ ಮಾಡಿ ಕಾಗದವನ್ನು ನೆಲಕ್ಕೆ ಬಿಟ್ಟ. ಯಂಕಣ್ಣ ಬಗ್ಗಿ ಎತ್ತಿಕೊಂಡ. ಇದು ಹಳೆಯ ತಲೆ, ಗಿರಣಿ ಹೊಸದು, ಎಂದು ತನಗೆ ತಾನೇ ಹೇಳಿಕೊಂಡ. ಓದಿದವರಿಗೆ ಇಂಥ ಸಮಾಧಾನ ಬಹಳ ಬೇಗ ಸಿಗುತ್ತದೆ.

ಇನ್ನೂರ ಹನ್ನೆರಡು ಮನೆ. ಎಲ್ಲರೂ ಹೌದೆಂದರು. ಕೇರಿಯವರೂ ಹೌದೆಂದು ಹೆಬ್ಬೆಟ್ಟು ಒತ್ತಿದರು. ಜಾತಿಯ ಬಗ್ಗೆ ಕೇಳಿದ್ದು ಅದೊಂದೇ ಪ್ರಶ್ನೆ, ಅವರು ಹೇಳಿದ್ದು ಅದಕ್ಕೇ ಉತ್ತರ. ಓದಿದ ಹುಡುಗನ ಮುಂದೆ ನಾಚಿಕೆಯ ಮಾತು ತಾವಾಗಿ ಯಾರು ತೆಗೆಯುತ್ತಾರೆ? ತನ್ನ ಮನೆಯ ಫಾರ್ಮನ್ನು ಮಾತ್ರ ಅವನು ಹಾಸ್ಟೆಲ್ಲಿಗೆ ಬಂದ ಮೇಲೆ ತಾನೇ ತುಂಬಿದ. ಅವ್ವನನ್ನು ಏನು ಕೇಳುವುದು, ತನಗೆ ಗೊತ್ತಿಲ್ಲದ್ದು ಅವಳಲ್ಲಿ ಏನಿದೆ ಎಂದುಕೊಂಡ. ಅದು ಅವನ ತಪ್ಪು.

"ನೂರಕ್ಕೆ ನೂರು!" ಎಂದು ಸರ್ ಅವನ ಬೆನ್ನು ತಟ್ಟಿದರು. ಮುಂದಿನ ತಿಂಗಳ ವಿಚಾರ ಸಂಕಿರಣದಲ್ಲಿ ಇದನ್ನೇ ಓದುತ್ತೇನೆ ಎಂದರು. ಫಾರ್ಮುಗಳನ್ನು ಒಂದೊಂದಾಗಿ ತಿರುವಿ, "ನಲವತ್ತೊಂದನೇದಕ್ಕ ಹೆಬ್ಬೆಟ್ಟು ಇಲ್ಲಲ್ಲೋ. ಗುಡ್ಡವ್ವ ರಾಮಪ್ಪ. ಯಾರಿಕಿ?" ಎಂದರು.

"ನಮ್ಮವ್ವರಿ."

"ಹೋಗಿ ಒತ್ತಿಸಿಕೊಂಡು ಬಾ. ಶಾಸ್ತ್ರ ಅಂದ್ರ ಶಾಸ್ತ್ರ."

ಶನಿವಾರ ಹೊತ್ತೇರುವಾಗ ಯಂಕಣ್ಣ ಊರು ಮುಟ್ಟಿದ. ಗುಡ್ಡವ್ವ ಜೋಳದ ಬುಟ್ಟಿ ತಲೆಗೇರಿಸಿ ಹೊಸ್ತಿಲು ದಾಟುತ್ತಿದ್ದಳು. ಮೂವತ್ತು ವರ್ಷ ಬೀಸುವ ಕಲ್ಲಿನ ಗೂಟ ಹಿಡಿದ ಕೈ ಅವಳದು. ಅಂಗೈಯ ಜಡ್ಡು ಸೂಜಿ ಚುಚ್ಚಿದರೂ ನೋಯುತ್ತಿರಲಿಲ್ಲ. ಗಿರಣಿ ಬಂದ ವರ್ಷ ಅಡಿಯ ಕಲ್ಲನ್ನು ಬಾಗಿಲ ಮುಂದಿನ ಮೆಟ್ಟಿಲು ಮಾಡಿ, ಮೇಲಿನದನ್ನು ಬಚ್ಚಲಿಗೆ ಹಾಕಿದ್ದಳು. ಬುಟ್ಟಿ ನಾನು ಹೊರುತ್ತೇನೆ ಎಂದ ಮಗ.

"ನೀ ಬರಬ್ಯಾಡ ಯಪ್ಪಾ. ನೀ ಮನ್ಯಾಗ ಇರು."

"ಯಾಕಬೇ?"

"ಬರಬ್ಯಾಡ ಅಂದೆ."

ಅವನು ಬುಟ್ಟಿ ಕಿತ್ತುಕೊಂಡು ಮುಂದೆ ನಡೆದ. ಗಿರಣಿಯ ಮುಂಬಾಗಿಲಿಗೆ ಹೋಗುವವನನ್ನು ಅವ್ವ ಅಂಗಿ ಹಿಡಿದು ಹಿಂದಕ್ಕೆ ಎಳೆದಳು. ಹಿತ್ತಲಲ್ಲಿ ಒಂದು ಜಾಲಿ ಮರ. ಅದರ ಕೆಳಗೆ ಕೇರಿಯ ಎಂಟು ಹತ್ತು ಹೆಂಗಸರು ಬೆಳಗಿನಿಂದ ಕೂತಿದ್ದರು. ಒಂದು ದಿನದ ಕೂಲಿ ಬಿಟ್ಟು ಕೂತಿದ್ದರು. ಮುಂದಿನ ಬಾಗಿಲಲ್ಲಿ ಬಂದವರದೆಲ್ಲ ಬೀಸಿ ಮುಗಿಯಬೇಕು, ಆಮೇಲೆ ಇವರದು. ನಡುವೆ ಕರೆಂಟು ಹೋದರೆ ಬುಟ್ಟಿ ಹೊತ್ತು ಮನೆಗೆ, ಮತ್ತೆ ನಾಳೆ.

ಅವ್ವ ಸೆರಗಿನ ತುದಿಯ ಗಂಟು ಬಿಚ್ಚಿ ನೋಡಿ ಮತ್ತೆ ಕಟ್ಟಿದಳು. ಒಳಗೆ ಪಾವಶೇರು, ಅಂದರೆ ಕಾಲು ಸೇರು, ಜೋಳ. ಎಲ್ಲ ಹೆಂಗಸರ ಸೆರಗಿನಲ್ಲೂ ಅಂಥದೊಂದು ಗಂಟು.

"ಇದೇನಬೇ, ಬ್ಯಾರೆ?"

"ಕಲ್ಲು ತೊಳಿಯೂದು."

"ಯಾವ ಕಲ್ಲು?"

"ಗಿರಣೀದು. ನಮ್ಮ ಜ್ವಾಳ ಬೀಸಿದ್ರ ಹೊಲಸಾಕ್ಕೈತಲ್ಲ. ಹಿಂದ ಈ ಜ್ವಾಳ ಹಾಕಿ ಬೀಸಿ ಕಲ್ಲು ತೊಳೀತಾರ. ಆಮ್ಯಾಗ ಊರವರು ತರತಾರ."

"ತೊಳ್ಯಾಕ ಜ್ವಾಳ ಯಾರದು?"

"ಹೊಲಸು ಮಾಡಿದವರದ."

ಪಕ್ಕದಲ್ಲಿ ಕೂತ ಮುದುಕಿ ಶೇವಂತೆವ್ವ ಹಲ್ಲಿಲ್ಲದ ಬಾಯಲ್ಲಿ ನಕ್ಕಳು. "ಆ ಹಿಟ್ಟು ಸಾವಕಾರನ ಎಮ್ಮಿಗಿ ಹಾಕತಾರ ನೋಡು. ಎಮ್ಮಿ ಹಾಲು ಅವರ ದೇವರಿಗಿ. ಎಮ್ಮಿ ಹೊಟ್ಟ್ಯಾಗ ಹೋಗಿ ಬಂದ್ರ ಎಲ್ಲಾ ಶುದ್ಧ ಆಕ್ಕೈತಿ."

ಮೂರು ವರ್ಷ. ಪ್ರತಿ ರಜೆಯಲ್ಲೂ ಯಂಕಣ್ಣ ಆ ಗಿರಣಿಯ ಹಿಟ್ಟಿನ ರೊಟ್ಟಿ ತಿಂದಿದ್ದ. ಇನ್ನೂರ ಹನ್ನೆರಡು ಬಾಗಿಲು ಬಡಿದಿದ್ದ. ಈ ಗಂಟು ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಮಧ್ಯಾಹ್ನ ಇಳಿದ ಮೇಲೆ ಹಿಂಬಾಗಿಲು ತೆರೆಯಿತು. ಗಿರಣಿ ನಡೆಸುವ ಗೌಸಸಾಬ ರೆಪ್ಪೆಗೆಲ್ಲ ಹಿಟ್ಟು ಮೆತ್ತಿಕೊಂಡು ಬಂದು ಹೊಸ್ತಿಲ ಹೊರಗೆ ಒಂದು ತಗಡಿನ ಡಬ್ಬಿ ಇಟ್ಟ. ಹೆಂಗಸರು ತಮ್ಮ ಬುಟ್ಟಿ ಡಬ್ಬಿಗೆ ತಾಗದಂತೆ ಮೇಲಿನಿಂದ ಜೋಳ ಸುರಿಯಬೇಕು, ಅವನು ಒಯ್ದು ಗಿರಣಿಯ ಬಾಯಿಗೆ ಹಾಕಬೇಕು. ಗುಡ್ಡವ್ವನ ಸರದಿ ಬಂತು. ಯಂಕಣ್ಣ ಬುಟ್ಟಿ ಎತ್ತಿಕೊಂಡ. ಡಬ್ಬಿಯನ್ನು ದಾಟಿ ಹೊಸ್ತಿಲು ತುಳಿದು ಒಳಗೆ ಹೋದ.

"ಬ್ಯಾಡೋ ಯಂಕಣ್ಣಾ, ಬ್ಯಾಡೋ" ಎಂದ ಗೌಸಸಾಬ.

ಯಂಕಣ್ಣ ಬುಟ್ಟಿಯ ಅಂಚನ್ನು ಗಿರಣಿಯ ಬಾಯಿಗೆ ಹಚ್ಚಿ ಅರ್ಧ ಜೋಳ ಸುರಿದ. ಕಲ್ಲು ತಿರುಗುತ್ತಿತ್ತು, ಹಿಟ್ಟು ಬೀಳುತ್ತಿತ್ತು. ಯಂತ್ರ ಒಂದು ಮಾತೂ ಆಡಲಿಲ್ಲ. ಅಷ್ಟರ ಮಟ್ಟಿಗೆ ಜಾಲಿಹಾಳ ಸರ್ ಹೇಳಿದ್ದು ಖರೆ.

ಗುರುಶಿದ್ದಪ್ಪ ಮುಂಬಾಗಿಲಿನಿಂದ ಬಂದು ಕರೆಂಟು ತೆಗೆದ. ಪಟ್ಟಾ ನಿಧಾನಕ್ಕೆ ನಿಂತಿತು.

"ಧಾರವಾಡದಾಗ ಒಳಗ ಬಿಟ್ಟಾರಂತ ಇಲ್ಲೂ ನುಗ್ಗತೀಯೇನಲೇ? ಎಂ.ಎ. ಓದಿದ್ರ ಕೈ ಬದಲಾಕ್ಕೈತೇನು?"

"ಸಾವಕಾರ್ರ, ಇದು ಕಾಯ್ದೇಕ ವಿರುದ್ಧ ಐತ್ರಿ. ನಾ ಬರದು ಕೊಟ್ರ ಪೊಲೀಸರು ಬರ್ತಾರ."

"ಏನಂತ ಬರೀತಿ? ಇಲ್ಲಿ ಎಲ್ಲಾ ಜಾತಿಯವರೂ ಬೀಸಿಸ್ತಾರ ಅಂತ ನಿನ್ನ ಕಾಗದಕ್ಕ ನಾ ಸಹಿ ಮಾಡೇನಿ. ನಿಮ್ಮ ಕೇರಿಯವರೂ ಹೆಬ್ಬೆಟ್ಟು ಒತ್ಯಾರ. ನೀನ ಬರಕೊಂಡು ಹೋಗೀದಿ. ಆ ಕಾಗದ ತರಿಸಿ ನೋಡ್ರಿ ಅಂತೇನಿ ಪೊಲೀಸರಿಗೆ."

ಯಂಕಣ್ಣ ಅಚ್ಚು ಹಾಕಿಸಿದ ಕಾಗದವೇ ಅವನ ಬಾಯಿಗೆ ಬಟ್ಟೆ ತುರುಕಿತ್ತು.

ಗುರುಶಿದ್ದಪ್ಪ ಹಿತ್ತಲಿಗೆ ಕೂಗಿದ. "ಗುಡ್ಡೀ, ನಿನ್ನ ಮಗ ಗಿರಣಿ ಮುಟ್ಟ್ಯಾನ. ಪಾವಶೇರಿಗೆ ತೊಳಿಯೂದಿಲ್ಲ ಇದು. ಬುಟ್ಟ್ಯಾಗ ಉಳದದ್ದೆಲ್ಲಾ ಹಾಕು. ಆಗಲೇ ಬೀಸಿದ್ದನ್ನೂ ಒಯ್ಯಬ್ಯಾಡ."

ಗುಡ್ಡವ್ವ ಬಾಗಿಲಿಗೆ ಬಂದಳು. ಮಗನ ಮುಖ ನೋಡಲಿಲ್ಲ. ಅವನ ಕೈಯಿಂದ ಬುಟ್ಟಿ ಇಸಿದುಕೊಂಡು, ಬಗ್ಗಿ, ಉಳಿದ ಎರಡು ಸೇರು ಜೋಳವನ್ನು ತಗಡಿನ ಡಬ್ಬಿಗೆ ಸುರಿದಳು. ಸೆರಗಿನ ಗಂಟು ಬಿಚ್ಚಿ ಪಾವಶೇರನ್ನೂ ಸುರಿದಳು. ಒಂದು ವಾರದ ರೊಟ್ಟಿ ಎಮ್ಮೆಯ ಬಾನಿಗೆ ಹೋಯಿತು. ಯಂಕಣ್ಣ ಕಿಸೆಯಲ್ಲಿ ಪೆನ್ನು ಸಿಕ್ಕಿಸಿಕೊಂಡು ನಿಂತಿದ್ದ. ಆ ಪೆನ್ನಿನ ಮೇಲೆ, ತನ್ನ ಮೇಲೆ, ಹೇಸಿಗೆ ಬಂತು ಅವನಿಗೆ.

ಮನೆಗೆ ಬಂದ ಮೇಲೆ ಅವನು ಚೀಲದಿಂದ ಅವ್ವನ ಫಾರ್ಮು ತೆಗೆದ. ಯಾಕೆ ತೆಗೆದನೋ ಅವನಿಗೇ ಗೊತ್ತಿಲ್ಲ. ಬಂದ ಕೆಲಸ ಅದು, ಅದಕ್ಕೆ ತೆಗೆದ.

"ಇದೇನೈತಿ ಇದರಾಗ?" ಎಂದಳು ಗುಡ್ಡವ್ವ.

ಅವನು ಹದಿನೇಳನೆಯ ಪ್ರಶ್ನೆ ಓದಿದ. ಉತ್ತರವನ್ನೂ ಓದಿದ.

"ನಾ ಹೇಳಿದ್ನೇನು ಹೌದಂತ?"

"ನಾನ ಬರದೆ."

"ನನ್ನ ಪಾವಶೇರು ಎಲ್ಲೈತಿ ಇದರಾಗ? ಜಾಲೀಗಿಡದ ಬುಡಕ ಕುಂತದ್ದು ಎಲ್ಲೈತಿ?"

"ಇಲ್ಲ."

"ಹಂಗಾರ ನಾ ಒತ್ತೂದಿಲ್ಲ."

"ಯವ್ವಾ, ಸರ್ ಸಹಿ..."

"ಯಾವ ಸರ್ ಆಗಲಿ. ಹುಟ್ಟಿದಾಗಿಂದ ಕಂಡಕಂಡವರ ಕಾಗದಕ್ಕ ಒತ್ತೇನಿ. ಏನೈತಿ ಅಂತ ಕೇಳಿಲ್ಲ. ಈಗ ಕೇಳೇನಿ, ಸುಳ್ಳೈತಿ. ಮಗಾ ಬರದ್ರೂ ಸುಳ್ಳು ಸುಳ್ಳ. ಒತ್ತೂದಿಲ್ಲ."

ಅವಳು ಮುಷ್ಟಿ ಕಟ್ಟಿ ಹೆಬ್ಬೆಟ್ಟನ್ನು ಒಳಗೆ ಮುಚ್ಚಿಕೊಂಡಳು.

ಮರುದಿನ ಯಂಕಣ್ಣ ಕೇರಿಯ ನಲವತ್ತು ಬಾಗಿಲಿಗೂ ಮತ್ತೆ ಹೋದ. ಈ ಸಲ ನೆಲದ ಮೇಲೆ ಕೂತು ಕೇಳಿದ. ಯಾವ ಬಾಗಿಲು, ಎಷ್ಟು ಹೊತ್ತು, ಎಷ್ಟು ಜೋಳ. ಬಾಯಿ ಕಟ್ಟಿದ್ದವರೆಲ್ಲ ಬಾಯಿಬಿಟ್ಟರು, ಒತ್ತಿದ ಹೆಬ್ಬೆಟ್ಟು ತಿರುಗಿ ತಂದುಕೊಡು ಎಂದರು. ಹಿಂದೆಯೂ ಹೀಗೇ ಇತ್ತೇ ಎಂದು ಶೇವಂತೆವ್ವನನ್ನು ಕೇಳಿದ.

"ಹಿಂದ ಎಲ್ಲೀದು? ಮನೀಗೊಂದು ಬೀಸೂಕಲ್ಲಿತ್ತು. ಅವರ ಕಲ್ಲು ಅವರಿಗಿ, ನಮ್ಮ ಕಲ್ಲು ನಮಗ. ಕೈ ಹರೀತಿತ್ತು ಖರೆ, ಹಿಟ್ಟಿಗಿ ಮೈಲಿಗಿ ಇದ್ದಿಲ್ಲ. ಇದು ಕರೆಂಟಿನ ಕಂಬದ ಸಂಗಾಟ ಬಂತು."

ಯಂಕಣ್ಣ ಅದನ್ನು ಹಾಗೆಯೇ ಬರೆದುಕೊಂಡ. ಎರಡು ವರ್ಷದ ಓದಿನಲ್ಲಿ ಅವನು ಕಲಿತ ಮೊದಲ ಸಮಾಜಶಾಸ್ತ್ರ ಅದು.

ಜಾಲಿಹಾಳ ಸರ್ ಮನೆ ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿತ್ತು. ಮಂಗಳವಾರ ಬೆಳಿಗ್ಗೆ ಹೋದ. ಸರ್ ಕುರ್ಚಿ ಕೊಟ್ಟರು, ತಾವು ಕುಡಿಯುವಂಥದೇ ಕಪ್ಪಿನಲ್ಲಿ ಚಹಾ ಕೊಟ್ಟರು. ನಮ್ಮ ಮನೆಯಲ್ಲಿ ಇವೆಲ್ಲ ಇಲ್ಲ ಎಂದು ಎಂದಿನಂತೆ ಹೇಳಿದರು. ಅವನು ಬರೆದು ತಂದ ಹನ್ನೆರಡು ಹಾಳೆಗಳನ್ನು ಓದಿದರು. ಓದುತ್ತ ಓದುತ್ತ ಕನ್ನಡಕ ತೆಗೆದರು.

"ಭಾಳ ಕೆಟ್ಟ ಪದ್ಧತಿ. ಹಳೇ ಕಾಲದ್ದು ಇನ್ನೂ ಉಳಕೊಂಡದ. ಹೋಗ್ತದ."

"ಹಳೇದಲ್ಲರಿ ಸರ್. ಇದಕ್ಕ ಮೂರು ವರ್ಷ. ಗಿರಣಿ ಬರೋಕಿಂತ ಮೊದಲು ಇದು ಇದ್ದಿಲ್ಲ. ಯಂತ್ರ ಬಂದ ಮ್ಯಾಗ ಜಾತಿ ಹೊಸಾ ದಾರಿ ಹುಡಿಕ್ಕೊಂಡೈತಿ. ಅದನ್ನ ಬರದೇನ್ರಿ ನಾ."

"ಪ್ರಶ್ನಾವಳಿಯೊಳಗ ಈ ಪ್ರಶ್ನಿ ಎಲ್ಲಿ ಅದ?"

"ಇಲ್ರಿ. ಅದಕ್ಕ ನಮಗ ಗೊತ್ತಾಗಿಲ್ಲ."

"ಹಂಗ ನಡುವ ಪ್ರಶ್ನಿ ಸೇರಿಸಲಿಕ್ಕೆ ಬರೂದಿಲ್ಲಪಾ. ನೋಡು ಯಂಕಣ್ಣ, ನೀ ಆ ಕೇರಿಯವ. ನಿನಗ ಸಿಟ್ಟದ, ನನಗ ತಿಳೀತದ. ಆದ್ರ ಸಿಟ್ಟಿನ್ಯಾಗ ಶಾಸ್ತ್ರ ಹುಟ್ಟೂದಿಲ್ಲ."

"ಊರು ಆರಿಸಿ ಕೊಡೂವಾಗ ನೀ ಅಲ್ಲಿಯವ ಅಂತನ ಕೊಟ್ರಲ್ಲರಿ."

ಸರ್ ಮುಖ ಕೆಂಪಾಯಿತು. ಸಂಕಿರಣಕ್ಕೆ ಪ್ರಬಂಧ ಅಚ್ಚಾಗಿ ಬಂದಿತ್ತು. ದೆಹಲಿಯಿಂದ ದೊಡ್ಡವರು ಬರುವವರಿದ್ದರು. ಅಡಿಟಿಪ್ಪಣಿಯಲ್ಲಿ ಒಂದು ಸಾಲು ಹಾಕೋಣ, ಮೊದಲಿನ ಅಧ್ಯಾಯ ಹಾಗೇ ಇಡು, ಇವತ್ತೇ ಸಹಿ ಮಾಡುತ್ತೇನೆ, ವಿದ್ಯಾರ್ಥಿವೇತನಕ್ಕೂ ಬರೆಯುತ್ತೇನೆ ಎಂದರು. ದನಿ ಈಗಲೂ ಮೆತ್ತಗೇ ಇತ್ತು.

"ಪುಸ್ತಕದಾಗೂ ನಮಗ ಕೆಳಗಿನ ಜಾಗಾನ ಏನ್ರಿ? ಅಲ್ಲೂ ಹಿಂಬಾಗಿಲಿನ್ಯಾಗ ಕುಂಡ್ರಬೇಕೇನ್ರಿ?" ಯಂಕಣ್ಣ ಎದ್ದು ನಿಂತ. "ಸರ್, ಒಂದು ಕೇಳ್ತೇನಿ. ನಿಮ್ಮ ಮನೀ ಹಿಟ್ಟು ಯಾರು ಬೀಸಿಸಿಕೊಂಡು ಬರ್ತಾರ್ರಿ?"

ಸರ್ ಅಡಿಗೆ ಮನೆಯ ಕಡೆ ನೋಡಿದರು. ಅವರಿಗೆ ಗೊತ್ತಿರಲಿಲ್ಲ. ಗಿರಣಿಯ ಮೇಲೆ ಅರವತ್ತು ಪುಟ ಬರೆದಿದ್ದ ಮನುಷ್ಯನಿಗೆ ಗೊತ್ತಿರಲಿಲ್ಲ.

ಮೇಜಿನ ಮೇಲೆ ದಾರ ಕಟ್ಟಿದ ಇನ್ನೂರ ಹನ್ನೊಂದು ಫಾರ್ಮುಗಳಿದ್ದವು. ಯಂಕಣ್ಣ ದಾರ ಬಿಚ್ಚಿದ. ಕೇರಿಯ ನಲವತ್ತನ್ನು ಎಣಿಸಿ ತೆಗೆದು, ಅವ್ವನದು ಮೊದಲೇ ಇದ್ದ ಚೀಲಕ್ಕೆ ಹಾಕಿಕೊಂಡ.

"ಏನ್ ಮಾಡ್ಲಿಕ್ಕತ್ತೀ? ಅವು ವಿಭಾಗದ ಕಾಗದ!"

"ಹೆಬ್ಬೆಟ್ಟು ನಮ್ಮವರದ್ರಿ. ಅವರು ತಿರುಗಿ ಕೇಳ್ಯಾರ. ನಮ್ಮನ್ನ ಬಿಟ್ಟು ಬರಕೋರಿ ನಿಮ್ಮ ನೂರಕ್ಕ ನೂರು."

"ನಿನ್ನ ಎಂ.ಎ. ಹೋತು ತಿಳಕೋ" ಎಂದರು ಸರ್. ಆ ಮಾತು ಮಾತ್ರ ಮೆತ್ತಗಿರಲಿಲ್ಲ. ಯಂಕಣ್ಣ ಕಪ್ಪಿನಲ್ಲಿ ಉಳಿದ ಚಹಾ ಬಿಟ್ಟು ಹೊರಬಿದ್ದ. ಎಂ.ಎ. ಹೋಗಿಯೇಬಿಟ್ಟಿತು. ಮಾಡಿ ಇಟ್ಟಿದ್ದ ಬಿ.ಎ. ಇತ್ತು, ಅದರ ಮೇಲೆ ಶಿರಗುಪ್ಪಿಯ ಹತ್ತಿರ ಒಂದು ಸಾಲೆಯಲ್ಲಿ ಮಾಸ್ತರನಾದ.

ಹಾಸ್ಟೆಲ್ ಬಿಟ್ಟು ಅವನು ಊರಿಗೆ ಬಂದಾಗ ಬಾಗಿಲ ಮುಂದಿನ ಮೆಟ್ಟಿಲು ಇರಲಿಲ್ಲ. ಗುಡ್ಡವ್ವ ಆ ಕಲ್ಲನ್ನೂ ಬಚ್ಚಲಿನ ಕಲ್ಲನ್ನೂ ಕಿತ್ತು, ತೊಳೆದು, ಕಲ್ಲು ಕಟೆಯುವವನನ್ನು ಕರೆಸಿ ಸವೆದಲ್ಲಿ ಕಚ್ಚು ಹಾಕಿಸಿದ್ದಳು. ಹೊಸ ಗೂಟ ಬಡಿಸಿದ್ದಳು. ಗಿರಣಿಗೆ ಇನ್ನು ಹೋಗುವುದಿಲ್ಲ ಎಂದು ಕೂತಿದ್ದಳು. ಮೊದಲ ವಾರ ಅವಳೊಬ್ಬಳೇ. ಎರಡನೆಯ ವಾರ ಶೇವಂತೆವ್ವ, ಆಮೇಲೆ ಉಳಿದವರು. ಕಲ್ಲು ಇಲ್ಲದವರು ಇದ್ದವರ ಮನೆಯಲ್ಲಿ ಬೀಸಿಕೊಂಡರು. ಸುಖದ ಕೆಲಸವಲ್ಲ ಅದು. ರಟ್ಟೆ ಬಾತವು, ಅಂಗೈಯಲ್ಲಿ ಮತ್ತೆ ಬೊಬ್ಬೆ ಎದ್ದವು. ಕರೆಂಟು ಇದ್ದ ಊರಿನಲ್ಲಿ ಕೋಳಿ ಕೂಗುವ ಮೊದಲು ಎದ್ದು ಬೀಸುವ ಗತಿ ಯಾರಿಗೆ ಬೇಕು? ಆ ಸಿಟ್ಟನ್ನೆಲ್ಲ ಗೂಟಕ್ಕೆ ಹಾಕಿ ಬೀಸಿದರು. ಯಂಕಣ್ಣನೂ ಅವ್ವನ ಎದುರು ಕೂತು ಗೂಟ ಹಿಡಿದ. ಮೊದಲ ದಿನವೇ ಅವನ ಅಂಗೈ ಕಿತ್ತು ನೆತ್ತರು ಬಂತು.

ಊರು ನಕ್ಕಿತು. ಜೋಳ ಕೊಯ್ಯುವ ಕಾಲ ಬಂದಾಗ ನಗು ನಿಂತಿತು. ಸಾವಕಾರನ ಹೊಲಕ್ಕೆ ಕೇರಿಯ ಯಾರೂ ಹೋಗಲಿಲ್ಲ. ಹೊರಗಿನಿಂದ ತಂದ ಆಳುಗಳು ಸಾಲಲಿಲ್ಲ. ಒಂದು ಮುಂಜಾನೆ ಗೌಸಸಾಬ ಕೇರಿಯ ಬಾಯಿಗೆ ಬಂದು ನಿಂತ.

"ಗುಡ್ಡವ್ವ, ಸಾವಕಾರ್ರು ಹೇಳಿಕಳಿಸ್ಯಾರ. ಗಿರಣಿಗೆ ಬರ್ರಿ ಅಂತ. ತೊಳಿಯೂ ಜ್ವಾಳ ಇನ್ನ ಪಾವಶೇರು ಬ್ಯಾಡಂತ. ಅದರರ್ಧ, ಅರಪಾವು ಸಾಕಂತ."

ಗುಡ್ಡವ್ವ ಬೀಸುವುದನ್ನು ನಿಲ್ಲಿಸಲಿಲ್ಲ.

"ಮೊನ್ನಿತನಾ ನಾವು ಪಾವಶೇರು ಹೊಲಸಿದ್ವಿ. ಇವತ್ತು ಅರಪಾವು ಹೊಲಸಾದ್ವೇನೋ ಗೌಸ್ಯಾ? ಹೋಗಿ ಕೇಳು ಅವನ್ನ. ನಮ್ಮನ್ನ ಯಾವ ತಕ್ಕಡ್ಯಾಗ ತೂಗಿದೆಪಾ ಅಂತ ಕೇಳು. ಮುಂದಿನ ಬಾಗಿಲ ತಗದು, ತೊಳಿಯೂ ಜ್ವಾಳ ಇಲ್ದ ಬರ್ರಿ ಅಂತ ಹೇಳಿದ ದಿನಾ ಬಾ."

ಗೌಸಸಾಬ ತಲೆ ತಗ್ಗಿಸಿ ನಕ್ಕ. "ಇದ್ದಂಗ ಹೇಳ್ತೇನಿ" ಎಂದು ಹೋದ. ಮುಂದಿನ ಬಾಗಿಲು ಆ ವರ್ಷ ತೆರೆಯಲಿಲ್ಲ. ಕೇರಿಯ ಕಲ್ಲುಗಳೂ ನಿಲ್ಲಲಿಲ್ಲ.

ಮರುವರ್ಷ ಸರ್ ಪುಸ್ತಕ ಬಂತು. ಹುಬ್ಬಳ್ಳಿಯ ಅಂಗಡಿಯಲ್ಲಿ ಯಂಕಣ್ಣ ನಿಂತುಕೊಂಡೇ ಓದಿದ. ಎರಿಗೊಪ್ಪದ ಒಟ್ಟು ಮನೆಗಳು ನೂರ ಎಪ್ಪತ್ತೊಂದು ಎಂದಿತ್ತು. ಎಲ್ಲ ಜಾತಿಯವರೂ ಗಿರಣಿ ಬಳಸುತ್ತಾರೆ, ನೂರಕ್ಕೆ ನೂರು ಎಂದಿತ್ತು. ನಮ್ಮನ್ನು ಬಿಟ್ಟು ಬರೆದುಕೊಳ್ಳಿ ಎಂದು ಅವನು ಸಿಟ್ಟಿನಲ್ಲಿ ಅಂದಿದ್ದ. ಶಾಸ್ತ್ರ ಬಲ್ಲವರು ಹಾಗೆಯೇ ಮಾಡಿದ್ದರು. ಊರಿನಿಂದ ಕೇರಿಯನ್ನೇ ಕಿತ್ತು ಹಾಕಿದ್ದರು.

ಮನೆಗೆ ಬಂದು ಅವ್ವನಿಗೆ ಹೇಳಿದ. ಅವಳು ಕಲ್ಲಿನ ಮುಂದೆ ಕೂತಿದ್ದಳು.

"ನಾವು ಇಲ್ಲೇ ಇಲ್ಲಂತೇನು?"

"ಇಲ್ಲಂತ."

ಗುಡ್ಡವ್ವ ಗೂಟ ಬಿಟ್ಟಳು. "ಆ ಕಾಗದ ಐತೇನು, ನಂದು? ತಗಿ."

ಯಂಕಣ್ಣ ಟ್ರಂಕಿನಿಂದ ನಲವತ್ತೊಂದನೆಯ ಫಾರ್ಮು ತೆಗೆದ.

"ಓದು."

"ಗಿರಣಿಯನ್ನು ಎಲ್ಲ ಜಾತಿಯವರೂ ಬಳಸುತ್ತಾರೆಯೆ?"

"ಅಲ್ಲ. ಹೌದು ಹೊಡದ ಹಾಕು. ಅಲ್ಲ ಅಂತ ದೊಡ್ಡ ಅಕ್ಷರದಾಗ ಬರಿ. ಯಾಕ ಅಂತನೂ ಬರಿ, ನನ್ನ ಪಾವಶೇರು ಬರಿ. ಜಾಗಾ ಸಾಲದಿದ್ರ ಹಿಂದ ಬರಿ."

ಅವನು ಬರೆದ. ಹಿಂದೆಯೂ ಬರೆದ. ಶಾಯಿ ಹಚ್ಚಲು ಅವಳ ಕೈ ಹಿಡಿದಾಗ ಬೆರಳಿಗೆಲ್ಲ ಹಿಟ್ಟು ಮೆತ್ತಿತ್ತು. ಒರೆಸಲು ಹೋದ. ಅವಳು ಕೈ ಕಿತ್ತುಕೊಂಡಳು.

"ಬ್ಯಾಡ. ಇದನ್ನ ತೊಳಿಬ್ಯಾಡ" ಎಂದು, ಹಿಟ್ಟಿನ ಹೆಬ್ಬೆಟ್ಟನ್ನು ಶಾಯಿಯಲ್ಲಿ ಅದ್ದಿ, ಕಾಗದ ಹರಿಯುವ ಹಾಗೆ ಒತ್ತಿದಳು.